ಅಪ್‌ಡೇಟ್: ಕರ್ನಲ್ ಬದಲಾದ ಮೇಲೆ ಎರಡನೇ ಮಾನಿಟರ್ ಕಾಣದ ಸಮಸ್ಯೆ ಬಗೆಹರಿಯಿತು

ಸಮಸ್ಯೆ ಇಷ್ಟು: ಉಬುಂಟು ಲಿನಕ್ಸ್‌ನಲ್ಲಿ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಅಪ್‌ಡೇಟ್ ಆದ ಮೇಲೆ ರೆಸಲ್ಯೂಶನ್ 1024×768ಕ್ಕೆ ಇಳಿದು ಅಲ್ಲೇ ನಿಂತಿತ್ತು, ಎರಡನೇ ಮಾನಿಟರ್ ನಾಪತ್ತೆ.

ಕೇಬಲ್ ತಪ್ಪಲ್ಲ. ಗ್ರಾಫಿಕ್ಸ್ ಮಾಹಿತಿ ತೋರಿಸುವ ಕಮಾಂಡ್ ಜಿಎಲ್‌ಎಕ್ಸ್‌ಇನ್ಫೋ ರೆಂಡರರ್ ಹೆಸರನ್ನು ಎಲ್‌ಎಲ್‌ವಿಎಂ‌ಪೈಪ್ ಎಂದು ತೋರಿಸಿತು. ಅಂದರೆ ಚಿತ್ರ ಬಿಡಿಸುತ್ತಿದ್ದುದು ಗ್ರಾಫಿಕ್ಸ್ ಕಾರ್ಡ್ ಅಲ್ಲ, ಸಿಪಿಯು. ಹಾರ್ಡ್‌ವೇರ್ ಪಟ್ಟಿ ಕೊಡುವ ಎಲ್‌ಎಸ್‌ಪಿಸಿಐ ಔಟ್‌ಪುಟ್‌ನಲ್ಲಿ ಕಾರ್ಡ್ ಇತ್ತು, ಆದರೆ 'ಬಳಕೆಯಲ್ಲಿರುವ ಡ್ರೈವರ್' ಸಾಲೇ ಇರಲಿಲ್ಲ. ಡಿಕೆಎಂಎಸ್ (ಪ್ರತಿ ಕರ್ನಲ್‌ಗೂ ಡ್ರೈವರ್ ಮಾಡ್ಯೂಲ್ ಬಿಲ್ಡ್ ಮಾಡುವ ಟೂಲ್) ಸ್ಟೇಟಸ್ ನೋಡಿದರೆ ಕಾರಣ ಸ್ಪಷ್ಟ: ಮಾಡ್ಯೂಲ್ ಹಳೇ ಕರ್ನಲ್‌ಗೆ ಮಾತ್ರ ಬಿಲ್ಡ್ ಆಗಿತ್ತು. ಹೊಸ ಕರ್ನಲ್‌ನ ಹೆಡರ್ ಪ್ಯಾಕೇಜ್ (ಬಿಲ್ಡ್‌ಗೆ ಬೇಕಾದ ಫೈಲ್‌ಗಳು) ಇಲ್ಲದೆ ಡಿಕೆಎಂಎಸ್ ಏನೂ ಮಾಡಲಾರದು. ಓಪನ್ ಸೋರ್ಸ್ ಡ್ರೈವರ್ ಬ್ಲ್ಯಾಕ್‌ಲಿಸ್ಟ್‌ನಲ್ಲಿದ್ದುದರಿಂದ ಉಳಿದದ್ದು ಫರ್ಮ್‌ವೇರ್ ಕೊಟ್ಟ ಸರಳ ಡಿಸ್‌ಪ್ಲೇ, ಅಂದರೆ ಫ್ರೇಮ್‌ಬಫರ್. ಅದಕ್ಕೆ ಒಂದೇ ಪರದೆ, ಒಂದೇ ರೆಸಲ್ಯೂಶನ್.

ಲಿನಕ್ಸ್-ಹೆಡರ್ಸ್-ಜೆನೆರಿಕ್ ಹಾಕಿ (ಈ ಮೆಟಾ ಪ್ಯಾಕೇಜ್ ಇದ್ದರೆ ಮುಂದಿನ ಕರ್ನಲ್‌ಗಳ ಹೆಡರ್ ತಾನಾಗಿ ಬರುತ್ತದೆ), ಡಿಕೆಎಂಎಸ್ ಆಟೋಇನ್‌ಸ್ಟಾಲ್ ಓಡಿಸಿದೆ. ಬಿಲ್ಡ್ ಆಯಿತು, ಆದರೂ ಮಾಡ್ಯೂಲ್ ಲೋಡ್ ಮಾಡಲು ಮಾಡ್‌ಪ್ರೋಬ್ ಮಾಡಿದಾಗ ಕೀ ತಿರಸ್ಕರಿಸಲಾಗಿದೆ ಎಂಬ ಎರರ್. ಸೆಕ್ಯೂರ್ ಬೂಟ್ (ನಂಬಿದ ಸಹಿಯಿರುವ ಕೋಡ್ ಮಾತ್ರ ಓಡಲು ಬಿಡುವ ವ್ಯವಸ್ಥೆ) ಆನ್ ಇದೆ, ಮಾಡ್ಯೂಲಿಗೆ ಸಹಿ ಹಾಕಿದ ಕೀ ನೋಂದಣಿಯಾಗಿಲ್ಲ. ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡಿದರೂ ನಡೆಯುತ್ತದೆ, ಆದರೆ ಅದು ಸೋಮಾರಿ ದಾರಿ. ಸಹಿಯ ಕೀಗಳನ್ನು (ಎಂಒಕೆ) ನೋಂದಾಯಿಸುವ ಟೂಲ್ ಎಂಒಕೆಯುಟಿಲ್‌ನಿಂದ ಕೀ ಇಂಪೋರ್ಟ್ ಮಾಡಿ, ತಾತ್ಕಾಲಿಕ ಪಾಸ್‌ವರ್ಡ್ ಕೊಟ್ಟು ರೀಬೂಟ್ ಮಾಡಿ. ನೀಲಿ ಪರದೆ ಬಂದಾಗ 10 ಸೆಕೆಂಡಿನೊಳಗೆ ಕೀಬೋರ್ಡಿನ ಯಾವುದಾದರೂ ಕೀ ಒತ್ತಲೇಬೇಕು. ತಪ್ಪಿದರೆ ನೋಂದಣಿಯಿಲ್ಲದೆ ಬೂಟ್ ಮುಂದುವರಿಯುತ್ತದೆ. 'ಎನ್‌ರೋಲ್ ಎಂಒಕೆ' ಆರಿಸಿ ಅದೇ ಪಾಸ್‌ವರ್ಡ್ ಟೈಪ್ ಮಾಡಿ.

ಈಗ ರೆಂಡರರ್ ಸಾಲಿನಲ್ಲಿ ಕಾರ್ಡಿನ ಹೆಸರೇ ಬರುತ್ತಿದೆ, ಎರಡೂ ಮಾನಿಟರ್ ಪೂರ್ಣ ರೆಸಲ್ಯೂಶನ್‌ನಲ್ಲಿವೆ.