‘ಸ್ಕ್ರ್ಯಾಚ್ ಡಿಸ್ಕ್ ತುಂಬಿದೆ’: ಇಂದಿನ ಪ್ರಶ್ನೋತ್ತರ

ನಿರ್ವಾಹಕರು: ಮುಂಬೈ, ಪುಣೆ, ಗೋವಾದ ನಮ್ಮ ಸ್ಟುಡಿಯೋದವರಲ್ಲಿ ಹಲವರಿಗೆ ಫೋಟೊಶಾಪ್ ಡಿಸ್ಕ್ ತುಂಬಿದೆ ಎಂದು ಕೆಲಸ ನಿಲ್ಲಿಸುತ್ತಿದೆ. ಲ್ಯಾಮಿಂಗ್ಟನ್ ರಸ್ತೆಯಲ್ಲಿ ಕಂಪ್ಯೂಟರ್ ದುರಸ್ತಿ ಮಾಡುವ ನಮ್ಮ ತಂತ್ರಜ್ಞರು ಇಂದು ರಾತ್ರಿ ಉತ್ತರಿಸುತ್ತಾರೆ. ಕೇಳಿ.

ಘಾಟ್ಕೋಪರ್: ನಮಸ್ಕಾರ ಸರ್. 16 ಜಿಬಿ ರ‍್ಯಾಮ್ ಇದ್ದರೂ ಈ ದೋಷ ಬರುತ್ತಿದೆ. ರ‍್ಯಾಮ್ ಹೆಚ್ಚಿಸಬೇಕೆ?

ತಂತ್ರಜ್ಞ: ನಮಸ್ಕಾರ. ಮೊದಲು ಸಿ ಡ್ರೈವ್ ನೋಡಿ. ರ‍್ಯಾಮ್ ಸಾಲದಾದಾಗ ಫೋಟೊಶಾಪ್ ಲೇಯರ್‌ಗಳನ್ನೂ ಹಿಸ್ಟರಿಯನ್ನೂ ತಾತ್ಕಾಲಿಕ ಕಡತವಾಗಿ ಡಿಸ್ಕ್‌ನಲ್ಲಿ ಇಡುತ್ತದೆ. ಆ ಜಾಗವೇ ಸ್ಕ್ರ್ಯಾಚ್ ಡಿಸ್ಕ್. ನಾವು ಬದಲಿಸದಿದ್ದರೆ ಅದು ಸಿ ಡ್ರೈವ್‌ನಲ್ಲೇ ಕೂರುತ್ತದೆ. ಎಡಿಟ್, ಪ್ರಿಫರೆನ್ಸಸ್, ಸ್ಕ್ರ್ಯಾಚ್ ಡಿಸ್ಕ್ಸ್‌ಗೆ ಹೋಗಿ, ಜಾಗವಿರುವ ಇನ್ನೊಂದು ಡ್ರೈವ್‌ಗೆ ಗುರುತು ಹಾಕಿ, ಮುಚ್ಚಿ ಮತ್ತೆ ತೆರೆಯಿರಿ. ತೆರೆಯುವುದೇ ಇಲ್ಲವೆಂದರೆ, ಶುರುವಾಗುವಾಗ ಕಂಟ್ರೋಲ್ ಮತ್ತು ಆಲ್ಟ್ ಕೀಲಿಗಳನ್ನು ಒತ್ತಿ ಹಿಡಿಯಿರಿ. ಮ್ಯಾಕ್‌ನಲ್ಲಿ ಕಮಾಂಡ್ ಮತ್ತು ಆಪ್ಷನ್.

ಪುಣೆ, ಕೊತ್ರೂಡ್: ಡಿ ಡ್ರೈವ್‌ನಲ್ಲಿ 300 ಜಿಬಿ ಖಾಲಿ ಇದೆ, ಸ್ಕ್ರ್ಯಾಚ್ ಕೂಡ ಅಲ್ಲೇ. ಆದರೂ ಸಣ್ಣ ಪಾಸ್‌ಪೋರ್ಟ್ ಫೋಟೊ ಕ್ರಾಪ್ ಮಾಡಿದರೆ ಇದೇ ದೋಷ.

ತಂತ್ರಜ್ಞ: ಕ್ರಾಪ್ ಆಯ್ಕೆಯಲ್ಲಿ ಅಗಲದ ಅಂಕಿಯ ಮುಂದೆ ಏನಿದೆ?

ಪುಣೆ, ಕೊತ್ರೂಡ್: 1200 ಇನ್.

ತಂತ್ರಜ್ಞ: ಅದು ಇಂಚು. ನೂರು ಅಡಿ ಅಗಲದ ಚಿತ್ರ ಕೇಳುತ್ತಿದ್ದೀರಿ. ಪಿಕ್ಸೆಲ್ ಎಂದು ಬದಲಿಸಿ.

ವಾಶಿ: ರಾಜ್ಯೋತ್ಸವಕ್ಕೆ 20 ಅಡಿಗೆ 10 ಅಡಿಯ ಫ್ಲೆಕ್ಸ್, ಸಿಎಂವೈಕೆ (ಮುದ್ರಣದ ನಾಲ್ಕು ಬಣ್ಣ), ರೆಸಲ್ಯೂಷನ್ ಇಂಚಿಗೆ 300 ಪಿಕ್ಸೆಲ್. ಕಂಪ್ಯೂಟರ್ ನಿಂತೇ ಹೋಗುತ್ತದೆ.

ತಂತ್ರಜ್ಞ: 72,000 ಗುಣಿಸು 36,000 ಪಿಕ್ಸೆಲ್. ಒಂದೇ ಲೇಯರ್‌ಗೆ 10 ಜಿಬಿಗಿಂತ ಹೆಚ್ಚು. ಫೋಟೊಶಾಪ್‌ನ ಮಾಮೂಲಿ ಪಿಎಸ್‌ಡಿ ಕಡತ ಅಗಲದಲ್ಲಾಗಲಿ ಎತ್ತರದಲ್ಲಾಗಲಿ 30,000 ಪಿಕ್ಸೆಲ್ ದಾಟುವುದಿಲ್ಲ. ದೂರದಿಂದ ನೋಡುವ ಫ್ಲೆಕ್ಸ್‌ಗೆ 72 ಸಾಕು, ಆಗ 600 ಎಂಬಿಯಷ್ಟೇ ಆಗುತ್ತದೆ.

ಪಣಜಿ: ಸರ್, ನಾನು ಬಳಸುವುದು ಜಿಂಪ್ ಎಂಬ ಉಚಿತ ಸಾಫ್ಟ್‌ವೇರ್. ಅದರಲ್ಲಿ ಈ ಜಾಗ ಬದಲಿಸುವುದು ಹೇಗೆ?

ಚೆಂಬೂರ್: ನಿನ್ನೆ ಹಾಕಿದ್ದ ಉಪಾಯ, ನೋಡದವರಿಗಾಗಿ ಮತ್ತೊಮ್ಮೆ: ‘ಟೆಂಪ್ ಫೋಲ್ಡರ್, ಲೈಟ್‌ರೂಮ್ ಫೋಲ್ಡರ್ ಪೂರ್ತಿ ಅಳಿಸಿ, ರೀಸೈಕಲ್ ಬಿನ್ ಖಾಲಿ ಮಾಡಿ. 50 ಜಿಬಿ ಉಳಿಯುತ್ತದೆ. ಎಲ್ಲರಿಗೂ ಕಳುಹಿಸಿ.’

ತಂತ್ರಜ್ಞ: ಯಾರೂ ಇದನ್ನು ಮಾಡಬೇಡಿ. ಲೈಟ್‌ರೂಮ್ ಕೂಡ ಚಿತ್ರ ತಿದ್ದುವ ಸಾಫ್ಟ್‌ವೇರ್, ಅದರ ಕ್ಯಾಟಲಾಗ್ ಕಡತದಲ್ಲಿ ನಿಮ್ಮ ಎಡಿಟಿಂಗ್ ಎಲ್ಲ ಇರುತ್ತದೆ. ಪ್ರಿವ್ಯೂ ಅಳಿಸಿದರೆ ಮತ್ತೆ ಹುಟ್ಟುತ್ತದೆ, ಕ್ಯಾಟಲಾಗ್ ಹುಟ್ಟುವುದಿಲ್ಲ. ಫೋಟೊಶಾಪ್ ಮುಚ್ಚಿದ ಮೇಲೆ ಟೆಂಪ್‌ನಲ್ಲಿ ಉಳಿದಿರುವ ‘ಫೋಟೊಶಾಪ್ ಟೆಂಪ್’ ಹೆಸರಿನ ಕಡತವನ್ನು ಮಾತ್ರ ತೆಗೆಯಬಹುದು.

ಡೊಂಬಿವಲಿ: ಸರ್, ನಾನು ನಿನ್ನೆಯೇ ಅದನ್ನು ಮಾಡಿಬಿಟ್ಟೆ. ಒಂದು ಮದುವೆಯ ಮೂಲ ಚಿತ್ರಗಳೂ ಅದೇ ಫೋಲ್ಡರ್‌ನಲ್ಲಿದ್ದವು. ಕಾರ್ಡ್ ಎರಡನ್ನೂ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿದ್ದೆ. ಕೈ ನಡುಗುತ್ತಿದೆ.

ತಂತ್ರಜ್ಞ: ಅಕ್ಕ, ಲ್ಯಾಪ್‌ಟಾಪ್ ಈಗಲೇ ಬಂದ್ ಮಾಡಿ. ಅದರಲ್ಲಿ ಎಸ್‌ಎಸ್‌ಡಿ ಎಂಬ ಚಿಪ್‌ನ ಡಿಸ್ಕ್ ಇದ್ದರೆ, ಅಳಿಸಿದ ಜಾಗವನ್ನು ವಿಂಡೋಸ್ ಅದಕ್ಕೆ ತಿಳಿಸಿಬಿಡುತ್ತದೆ. ವಿದ್ಯುತ್ ಇರುವಷ್ಟು ಹೊತ್ತೂ ಅದು ಒಳಗೊಳಗೇ ಒರೆಸುತ್ತಿರುತ್ತದೆ. ಅಲ್ಲಿಂದ ಸಿಗುವ ಆಸೆ ಕಡಿಮೆ. ಮರಳಿ ಪಡೆಯುವ ಸಾಫ್ಟ್‌ವೇರ್ ಹುಡುಕಿ ಅದೇ ಡಿಸ್ಕ್‌ಗೆ ಹಾಕಬೇಡಿ, ಉಳಿದಿರಬಹುದಾದ ಚಿತ್ರದ ಮೇಲೆಯೇ ಅದು ಬಂದು ಕೂರುತ್ತದೆ. ನನ್ನ ಆಸೆ ಕಾರ್ಡ್ ಮೇಲಿದೆ. ಕ್ಯಾಮೆರಾದ ಮಾಮೂಲಿ ಫಾರ್ಮ್ಯಾಟ್ ಸಾಮಾನ್ಯವಾಗಿ ಕಡತಗಳ ಪಟ್ಟಿಯನ್ನಷ್ಟೇ ಅಳಿಸುತ್ತದೆ, ಚಿತ್ರದ ದತ್ತಾಂಶ ಹಾಗೆಯೇ ಉಳಿದಿರುತ್ತದೆ. ಆಮೇಲೆ ಆ ಕಾರ್ಡ್‌ಗಳಲ್ಲಿ ಹೊಸ ಚಿತ್ರ ಏನಾದರೂ ತೆಗೆದಿರಾ? ಮನೆಯವರಿಗೆ ಆಯ್ಕೆಗೆಂದು ಚಿತ್ರ ಕಳುಹಿಸಿದ್ದು ಇದೆಯೇ?

ಡೊಂಬಿವಲಿ: ಇಂದು ಬೆಳಿಗ್ಗೆ ಒಂದರಲ್ಲಿ ಉಪನಯನ ತೆಗೆದೆ. ಇನ್ನೊಂದನ್ನು ಮುಟ್ಟಿಲ್ಲ. 40 ಚಿತ್ರ ವಾಟ್ಸಾಪ್‌ನಲ್ಲಿ ಕಳುಹಿಸಿದ್ದೆ.

ಮುಲುಂಡ್: ಚೆಂಬೂರಿನವರೇ, ಓದದೆ ಕಳುಹಿಸುವ ಅಭ್ಯಾಸದ ಫಲ ನೋಡಿದಿರಾ?

ಚೆಂಬೂರ್: ಇನ್ನೊಂದು ಪ್ರತಿ ಇಡದೆ ಕಾರ್ಡ್ ಫಾರ್ಮ್ಯಾಟ್ ಮಾಡಿದ್ದು ನಾನೇ? ಸಹಾಯವಾಗಲಿ ಎಂದು ಹಾಕಿದೆ.

ಮುಲುಂಡ್: ಕಷ್ಟದಲ್ಲಿರುವ ಹೆಣ್ಣುಮಗಳಿಗೆ ಹೇಳುವ ಮಾತೇ ಇದು? ಕ್ಷಮೆ ಕೇಳಿ.

ಚೆಂಬೂರ್: ನೀವು ಡಿಸ್ಕ್ ಮಾರುವವರು. ಎಲ್ಲರೂ ಹೊಸದು ಕೊಳ್ಳಲಿ ಎಂಬುದೇ ನಿಮ್ಮ ಬುದ್ಧಿವಾದ.

ಮುಲುಂಡ್: ಮಾತು ಹಿಡಿತದಲ್ಲಿರಲಿ.

ಕಲ್ಯಾಣ್: ಸರ್, ಸ್ಕ್ರ್ಯಾಚ್ ಡಿಸ್ಕ್ ಬದಲಿಸುವುದು ಎಲ್ಲಿ?

ತಂತ್ರಜ್ಞ: ಮೇಲೆ ಬರೆದಿದ್ದೇನೆ.

ಅಂಧೇರಿ: ಪೆನ್‌ಡ್ರೈವ್ ಅನ್ನು ಸ್ಕ್ರ್ಯಾಚ್ ಮಾಡಿದರೆ ಸಾಕು ಎಂದು ಒಂದು ವಿಡಿಯೊ ಬಂದಿದೆ, ಹಾಕಲೇ?

ತಂತ್ರಜ್ಞ: ಹಾಕಬೇಡಿ. ಪೆನ್‌ಡ್ರೈವ್ ನಿಧಾನ, ನಡುವೆ ಅಲುಗಾಡಿದರೆ ಮಾಡಿದ ಕೆಲಸವೂ ಹೋಗುತ್ತದೆ. ಒಬ್ಬರ ಮದುವೆ ಅಳಿಸಿಹೋಗಿದೆ, ಇನ್ನೂ ವಿಡಿಯೊ ಹಂಚುತ್ತೀರಾ?

ಪಣಜಿ: ಸರ್, ಜಿಂಪ್?

ಮೀರಾ ರೋಡ್: ಸ್ಕ್ರ್ಯಾಚ್ ಡಿಸ್ಕ್ ತುಂಬಿದೆ ಎಂದು ಬರುತ್ತಿದೆ, ಏನು ಮಾಡಲಿ?

ತಂತ್ರಜ್ಞ: ಮೊದಲಿನಿಂದ ಓದಿ.

ಚೆಂಬೂರ್: ಹೀಗೆ ಗದರುವುದಾದರೆ ಪ್ರಶ್ನೋತ್ತರ ಏಕೆ?

ನಿರ್ವಾಹಕರು: ಚೆಂಬೂರ್, ಮುಲುಂಡ್ ಇಬ್ಬರೂ ಸಾಕು. ಇನ್ನೊಂದು ಮಾತು ಬಂದರೆ ಇಬ್ಬರನ್ನೂ ಗುಂಪಿನಿಂದ ತೆಗೆಯುತ್ತೇನೆ.

ಡೊಂಬಿವಲಿ: ಲ್ಯಾಪ್‌ಟಾಪ್ ಬಂದ್ ಮಾಡಿದೆ ಸರ್. ಮುಟ್ಟದ ಕಾರ್ಡ್ ಅನ್ನು ಲಕೋಟೆಯಲ್ಲಿ ಇಟ್ಟಿದ್ದೇನೆ. ಮದುಮಗಳ ತಾಯಿಗೆ ಏನು ಹೇಳಲಿ?

ತಂತ್ರಜ್ಞ: ಆ 40 ಚಿತ್ರ ಅವರ ಮೊಬೈಲ್‌ನಿಂದ ಅಳಿಸದಿರಲಿ ಎಂದು ಇಂದೇ ಹೇಳಿ. ಉಳಿದದ್ದನ್ನು ಕಾರ್ಡ್ ನೋಡದೆ ನಾನೂ ಹೇಳಲಾರೆ. ಉಪನಯನದ ಕಾರ್ಡ್ ಅನ್ನೂ ತನ್ನಿ, ಹೊಸ ಚಿತ್ರ ಕೂರದ ಭಾಗದಲ್ಲಿ ಹಳೆಯದು ಉಳಿದಿರಬಹುದು. ದಾದರ್‌ನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡ್‌ನಲ್ಲಿ ಇಳಿಯಿರಿ. ಹತ್ತು ಗಂಟೆಗೆ ಅಂಗಡಿ ತೆರೆದಿರುತ್ತೇನೆ.