ಅಪ್‌ಡೇಟ್: ಮೆನೋಪಾಸ್‌ಗೆ ಸೂಜಿ ಚಿಕಿತ್ಸೆ, ಎಂಟು ವಾರ ಆದ ಮೇಲೆ

ಮುಟ್ಟು ನಿಲ್ಲುವ ಹೊತ್ತಿನ ಸೆಕೆ, ಬೆವರು, ನಿದ್ದೆಗೇಡಿಗೆ ಅಕ್ಯುಪಂಕ್ಚರ್ ಮತ್ತು ಚೀನೀ ಮೂಲಿಕೆ ಔಷಧಿ ಕೆಲಸ ಮಾಡುತ್ತದಾ ಅಂತ ಕೇಳಿದ್ದೆ, ನೆನಪಿದೆಯಾ? ಎಂಟು ವಾರ ಆಯಿತು, ಹತ್ತು ಸಲ ಚುಚ್ಚಿಸಿಕೊಂಡೆ.

ನೋವು ಅಷ್ಟೇನಿಲ್ಲ. ಸೂಜಿ ಕೂದಲಿನ ಹಾಗೆ ತೆಳು. ಕಾಲಿನ ಒಳಗಿಣ್ಣಿನಿಂದ ನಾಲ್ಕು ಬೆರಳು ಮೇಲೆ ಒಂದು ಜಾಗ ಇದೆ, ಅಲ್ಲಿ ಚುಚ್ಚಿದಾಗ ಮಾತ್ರ ಕಾಲು ಭಾರವಾಗಿ ಜುಮ್ಮೆನ್ನುತ್ತದೆ. ಆಮೇಲೆ ಅರ್ಧ ಗಂಟೆ ಸುಮ್ನೆ ಮಲಗಿರಬೇಕು. ಎರಡು ಸಲ ಗೊರಕೆ ಹೊಡೆದೆನಂತೆ!

ಮೈ ಬಿಸಿ ಏರಿದಾಗಲೆಲ್ಲ ಕ್ಯಾಲೆಂಡರಿನಲ್ಲಿ ಗೀಟು ಹಾಕಿದೆ. ಮೊದಲು ದಿನಕ್ಕೆ ಒಂಬತ್ತು, ಈಗ ಐದು. ನಡುರಾತ್ರಿ ಎದ್ದು ದಿಂಬಿನ ಕವರ್ ಬದಲಾಯಿಸುವ ಕೆಲಸ ತಪ್ಪಿದೆ. ಹಾಗಂತ ಎಲ್ಲಾ ಸೂಜಿಯ ಮಹಿಮೆ ಅನ್ನಲಾರೆ, ಯಾಕಂದ್ರೆ 2016ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗವೊಂದರಲ್ಲಿ 327 ಹೆಂಗಸರಿದ್ದರು, ನಿಜವಾದ ಸೂಜಿ ಹಾಕಿಸಿಕೊಂಡವರಿಗೂ ಚರ್ಮದೊಳಗೆ ಹೋಗದ ಮೊಂಡು ಸೂಜಿ ಒತ್ತಿಸಿಕೊಂಡವರಿಗೂ ತೊಂದರೆ ಒಂದೇ ಥರ, ಸುಮಾರು 40% ಇಳಿದಿತ್ತು. ನನಗೆ ಇಳಿದಿದ್ದೂ ಹೆಚ್ಚುಕಮ್ಮಿ ಅಷ್ಟೇ ಅಲ್ವಾ?

ಮೂಲಿಕೆ ಮಾತ್ರ ನಾಲ್ಕೇ ದಿನಕ್ಕೆ ಬಿಟ್ಟೆ. ಆ ಪುಡಿಯಲ್ಲಿ ಡಾಂಗ್ ಕ್ವಾಯ್ ಬೇರು ಇತ್ತು. ನಾನು ರಕ್ತ ಹೆಪ್ಪುಗಟ್ಟದಿರಲಿ ಅಂತ ವಾರ್ಫರಿನ್ ತೆಗೆದುಕೊಳ್ಳುವವಳು, ಎರಡೂ ಸೇರಿದರೆ ರಕ್ತಸ್ರಾವದ ಅಪಾಯ ಜಾಸ್ತಿ. ಪುಡಿ ಕೊಟ್ಟವರು ಬೇರೆ ಮಾತ್ರೆ ಇದೆಯಾ ಅಂತ ಒಂದು ಮಾತೂ ಕೇಳಲಿಲ್ಲ, ಅದೇ ಸಿಟ್ಟು. ಡಬ್ಬಿ ತೋರಿಸಿದ ತಕ್ಷಣ ಡಾಕ್ಟರ್ ನಿಲ್ಲಿಸಿ ಎಂದರು. ಸೂಜಿಗೆ ಮೊದಲೇ ಅವರನ್ನು ಕೇಳಿದ್ದೆ, ಇನ್ನೂ ಎರಡು ಸಲ ಬಾಕಿ ಇದೆ.