ಸಹಾಯ ಬೇಕು: ದೊಡ್ಡ ಕರುಳಿನ ಕ್ಯಾನ್ಸರ್, ಆಸ್ಪಿರಿನ್ ಮತ್ತು ಜೀನ್ ಪರೀಕ್ಷೆ

ಗುಂಪಿನಲ್ಲಿ ಕ್ಯಾನ್ಸರ್ ಡಾಕ್ಟರ್ ಅಥವಾ ಪೆಥಾಲಜಿಯವರು ಇದ್ದೀರಾ? ನಮ್ಮ ಮಾವನಿಗೆ ದೊಡ್ಡ ಕರುಳಿನ ಕ್ಯಾನ್ಸರ್, ಮೂರನೇ ಹಂತ. ಆಪರೇಷನ್ ಆಗಿದೆ, ಕೀಮೋ ನಡೆಯುತ್ತಿದೆ.

ಇಂಥ ಗಡ್ಡೆಗಳಲ್ಲಿ ಕಾಕ್ಸ್-2 ಎಂಬ ಕಿಣ್ವ ಹೆಚ್ಚಾಗಿ ಜಾಸ್ತಿ ಇರುತ್ತದಂತೆ. ಅದರಿಂದ ಪ್ರೊಸ್ಟಗ್ಲಾಂಡಿನ್ ಇ2 ಎಂಬ ರಾಸಾಯನಿಕ ತಯಾರಾಗುತ್ತದೆ. ಅದು ಜೀವಕೋಶಗಳಿಗೆ ‘ಬೆಳೆಯಿರಿ, ಸಾಯಬೇಡಿ’ ಎಂದು ಸಂದೇಶ ಕೊಡುತ್ತದೆ, ಹೊಸ ರಕ್ತನಾಳ ಹುಟ್ಟಲು ನೆರವಾಗುತ್ತದೆ, ರೋಗನಿರೋಧಕ ಕೋಶಗಳನ್ನು ಸುಮ್ಮನಾಗಿಸುತ್ತದೆ. ಆಸ್ಪಿರಿನ್ ಈ ತಯಾರಿಕೆಯನ್ನೇ ತಡೆಯುತ್ತದೆ.

2025ರಲ್ಲಿ ಸ್ವೀಡನ್ ಮತ್ತು ಅಕ್ಕಪಕ್ಕದ ದೇಶಗಳ ‘ಅಲಾಸ್ಕಾ’ ಪ್ರಯೋಗದ ಫಲಿತಾಂಶ ಬಂತು. ಗಡ್ಡೆಯಲ್ಲಿ ಪಿಐ3ಕೆ ದಾರಿಯ (ಜೀವಕೋಶಕ್ಕೆ ಬೆಳೆಯುವ ಸೂಚನೆ ಸಾಗಿಸುವ ವ್ಯವಸ್ಥೆ) ಪಿಐಕೆ3ಸಿಎ ಮುಂತಾದ ಜೀನ್‌ಗಳಲ್ಲಿ ಬದಲಾವಣೆ ಇದ್ದವರಿಗೆ ಆಪರೇಷನ್ ನಂತರ ದಿನಕ್ಕೆ 160 ಮಿಲಿಗ್ರಾಂ ಆಸ್ಪಿರಿನ್, 3 ವರ್ಷ. ಕ್ಯಾನ್ಸರ್ ಮರಳುವ ಸಂಭವ ಸುಮಾರು ಅರ್ಧಕ್ಕೆ ಇಳಿಯಿತು. ಇಷ್ಟು ಅಗ್ಗದ ಮಾತ್ರೆ, ಆಶ್ಚರ್ಯ ಅಲ್ವಾ!

ಆಪರೇಷನ್‌ನಲ್ಲಿ ತೆಗೆದ ಗಡ್ಡೆಯ ಬ್ಲಾಕ್ (ಮೇಣದಲ್ಲಿ ಕಾಯ್ದಿಟ್ಟ ತುಂಡು) ಲ್ಯಾಬ್‌ನಲ್ಲೇ ಇದೆ. ಅದರಲ್ಲೇ ಈ ಜೀನ್ ಬದಲಾವಣೆಯ ಪರೀಕ್ಷೆ ಆಗುತ್ತದೆಯೇ? ಬೆಂಗಳೂರಿನಲ್ಲಿ ಖರ್ಚು ಎಷ್ಟು? ಮಾವನಿಗೆ ಹಿಂದೆ ಹೊಟ್ಟೆಹುಣ್ಣು ಇತ್ತು, ರಕ್ತಸ್ರಾವದ ಭಯ ನಮಗೆ ಜಾಸ್ತಿ. ಅಂಥವರಿಗೂ ಆಸ್ಪಿರಿನ್ ಕೊಡುತ್ತಾರೆಯೇ?

ನಾವೇ ಸುಮ್ನೆ ಮಾತ್ರೆ ಶುರು ಮಾಡುವುದಿಲ್ಲ. ಮುಂದಿನ ಭೇಟಿಯಲ್ಲಿ ಡಾಕ್ಟರಿಗೆ ಏನು ಕೇಳಬೇಕೆಂದು ತಿಳಿದರೆ ಸಾಕು. ಕಷಾಯದ ಸಲಹೆ ದಯವಿಟ್ಟು ಬೇಡ, ನೆಂಟರು ಈಗಾಗಲೇ ಬೇಕಾದಷ್ಟು ಕೊಟ್ಟಿದ್ದಾರೆ.